ಬೇಲಿಯಿದೆ, ಬೆಳೆಯೆಲ್ಲಿ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಹೆಸರನ್ನೆತ್ತಿದರೆ ವಾಚಕರ ಮನಸ್ಸಿಗೆ ಬರುವುವು ಕಬ್ಬು, ಬತ್ತ, ತೆಂಗು, ರೇಷ್ಮೆ ಇವೇ. ಪರದೇಶದ ಅಂಗಡಿಗಳಿಂದ ವಿಡಿಯೋ ಗೇಮ್ ತರಿಸಿ ಹಣ ಉಳಿಸುವ ವಿಚಾರವನ್ನು ಈ ಸೀಮೆಯ ಹೆಸರಿನೊಡನೆ ಸೇರಿಸಿ ನಾವು ಚರ್ಚಿಸಹೊರಟಿರುವುದನ್ನು ಕಂಡು ಕೆಲವರು ನಗಬಹುದು. ನಗುವವರು ಈ ಊರುಗಳ ಕಾಲೇಜು ತರುಣರೊಡನೆ ಒಂದು ಸಂಜೆ ಕುಳಿತು ಮಾತನಾಡಿ ನೋಡಲಿ. ಲಂಡನ್ನಿನಲ್ಲಿ ಯಾವ ಆಟಕ್ಕೆ ಎಷ್ಟು ಬೆಲೆ, ನ್ಯೂಯಾರ್ಕಿನಲ್ಲಿ ಎಷ್ಟು, ಹಾಂಗ್‌ಕಾಂಗಿನಿಂದ ತರಿಸಿದರೆ ಎಷ್ಟು ಎಂಬುದನ್ನು ಅವರು ಬೆರಳ ತುದಿಯಲ್ಲಿ ಹೇಳಬಲ್ಲರು. ಲೋಕದ ಸಂತೆ ಹಳ್ಳಿಯ ಜಗಲಿಗೆ ಬಂದು ಕುಳಿತಿರುವಾಗ ಆ ಸಂತೆಯ ಲಾಭನಷ್ಟಗಳನ್ನು ವಿಚಾರಿಸದೆ ಇರುವುದು ಪತ್ರಿಕಾಧರ್ಮವಲ್ಲ.

ಪಾಂಡವಪುರ ತಾಲ್ಲೂಕಿನ ರೈತ ಮಹನೀಯರೊಬ್ಬರು ತಮ್ಮ ಮನೆಯ ಸಂಗತಿಯೊಂದನ್ನು ನಮ್ಮಲ್ಲಿ ತೋಡಿಕೊಂಡರು. ಕಾಲೇಜಿನಲ್ಲಿ ಓದುವ ಅವರ ಮಗ ಎರಡು ವರ್ಷ ಕೈಖರ್ಚಿನಲ್ಲಿ ಮಿಗಿಸಿದ ಹಣಕ್ಕೆ ಅಜ್ಜಿ ಕೊಟ್ಟ ಹಣವನ್ನು ಸೇರಿಸಿ, ಇಲ್ಲಿಯ ಅಂಗಡಿಯ ಬೆಲೆಗಿಂತ ಹಲವು ಸಾವಿರ ರೂಪಾಯಿ ಕಡಮೆಯೆಂದು ತೋರಿದ ಆಟದ ಯಂತ್ರವೊಂದನ್ನು ಪರದೇಶದ ವ್ಯಾಪಾರಸಂಸ್ಥೆಯೊಂದರಿಂದ ತರಿಸಿದನಂತೆ. ಕಟ್ಟು ಬಂತು, ಕಟ್ಟಿನೊಡನೆ ಸುಂಕದ ಚೀಟಿಯೂ ಬಂತು. ಉಳಿಯಿತೆಂದು ತಿಳಿದ ಹಣಕ್ಕಿಂತ ಸುಂಕವೇ ಹೆಚ್ಚಾಗಿ, ಹಾಲಿನ ಡೈರಿಯ ಬಟವಾಡೆಯ ಹಣವನ್ನು ಕೊಟ್ಟು ಕಟ್ಟನ್ನು ಬಿಡಿಸಿಕೊಳ್ಳಬೇಕಾಯಿತು. “ಹುಡುಗ ದುಂದುಗಾರನಾಗಿದ್ದರೆ ಬೈಯಬಹುದಾಗಿತ್ತು ಸ್ವಾಮಿ, ಉಳಿಸಹೋಗಿ ಕೆಟ್ಟ, ಏನೆಂದು ಬೈಯಲಿ?” ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಈ ವಿಚಾರದಲ್ಲಿ ನಮ್ಮ ಜನರಲ್ಲಿ ಎರಡು ಪಕ್ಷಗಳಿವೆ. ೧೯೩೮ರಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಜಿಲ್ಲೆಯ ಮಕ್ಕಳು ಪರದೇಶದ ವಸ್ತುವನ್ನು ಪರದೇಶದ ಅಂಗಡಿಯಿಂದಲೇ ತರಿಸುವಷ್ಟು ಸ್ವದೇಶೀ ಭಾವನೆಯನ್ನು ಮರೆತರೆಂಬುದು ಹಿರಿಯರ ವ್ಯಥೆ. ಮಂಡ್ಯದ ಅಥವಾ ಮೈಸೂರಿನ ಅಂಗಡಿಯಲ್ಲಿ ದೊರೆಯುವುದೂ ಅದೇ ಪರದೇಶದ ವಸ್ತು; ಹೀಗಿರಲು ಹೆಚ್ಚು ಬೆಲೆ ಕೊಡುವುದರಲ್ಲಿ ದೇಶಸೇವೆ ಎಲ್ಲಿಂದ ಬಂತೆಂಬುದು ತರುಣರ ವಾದ. ಇವೆರಡರಲ್ಲಿಯೂ ಅರ್ಧರ್ಧ ಸತ್ಯವಿದೆಯೆಂದು ನಾವು ಭಾವಿಸುತ್ತೇವೆ. ಆಟವೇ ಕೂಡದೆನ್ನುವ ಮೂರನೆಯ ಪಕ್ಷದವರೂ ಉಂಟು. ಮಿತಿಯರಿತ ಆಟದಿಂದ ಯಾರೂ ಕೆಡಲಾರರೆಂದಷ್ಟೇ ಅವರಿಗೆ ಹೇಳುತ್ತೇವೆ. ಹಣವೊಡ್ಡಿ ಆಡುವ ಆನ್‌ಲೈನ್ ಜೂಜು ಬೇರೆಯ ಮಾತು. ಅದನ್ನು ೨೦೨೫ರಲ್ಲಿ ಪಾರ್ಲಿಮೆಂಟು ಕಾನೂನಿನಿಂದಲೇ ನಿಷೇಧಿಸಿತು. ಅದರ ಪಕ್ಷ ವಹಿಸುವ ಇಚ್ಛೆ ನಮಗೆ ಎಳ್ಳಷ್ಟೂ ಇಲ್ಲ.

ಮೊದಲು ಮನೆಯ ಲೆಕ್ಕವನ್ನು ನೋಡೋಣ. ಜಪಾನಿನ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ೫ ಎಂಬ ಯಂತ್ರ ೨೦೨೦ನೆಯ ನವೆಂಬರಿನಲ್ಲಿ ಅಮೆರಿಕದಲ್ಲಿ ೪೯೯ ಡಾಲರಿಗೆ ಮಾರಾಟಕ್ಕೆ ಬಂತು. ನಮ್ಮ ದೇಶದಲ್ಲಿ ಅದು ಬಿಡುಗಡೆಯಾದದ್ದು ೨೦೨೧ನೆಯ ಫೆಬ್ರವರಿ ೨ರಂದು, ₹೪೯,೯೯೦ ಬೆಲೆಗೆ. ಆಗ ಡಾಲರಿಗೆ ಸುಮಾರು ೭೩ ರೂಪಾಯಿಯಂತೆ ಅಮೆರಿಕದ ಬೆಲೆ ₹೩೬,೫೦೦ರ ಒಳಗೇ ಆಗುತ್ತಿತ್ತು. ಎರಡು ಬೆಲೆಗಳ ನಡುವಣ ಅಂತರ ಸುಮಾರು ಹದಿಮೂರೂವರೆ ಸಾವಿರ. ೨೦೨೦-೨೧ನೆಯ ಸಾಲಿಗೆ ಕೇಂದ್ರ ಸರ್ಕಾರದವರು ಕಬ್ಬಿಗೆ ಗೊತ್ತುಮಾಡಿದ್ದ ನ್ಯಾಯಬೆಲೆ ನೂರಕ್ಕೆ ೧೦ರ ಇಳುವರಿಗೆ ಕ್ವಿಂಟಾಲಿಗೆ ₹೨೮೫. ಆ ಲೆಕ್ಕದಲ್ಲಿ ಹದಿಮೂರೂವರೆ ಸಾವಿರವೆಂದರೆ ಸುಮಾರು ನಾಲ್ಕು ಮುಕ್ಕಾಲು ಟನ್ ಕಬ್ಬಿನ ಬೆಲೆ. ರೈತನ ಮಗ ಇಷ್ಟು ದೊಡ್ಡ ಅಂತರವನ್ನು ಕಂಡು ಮನಸೋತುದರಲ್ಲಿ ಆಶ್ಚರ್ಯವೇನಿದೆ? ಅಷ್ಟನ್ನು ಲೆಕ್ಕಹಾಕದಿದ್ದರೆ ಅವನನ್ನು ಜಾಣನೆನ್ನುತ್ತಿರಲಿಲ್ಲ.

ಆದರೆ ಅವನು ಹಾಕಿದ್ದು ಅರ್ಧ ಲೆಕ್ಕ. ಸುಂಕದವರು ಅಂಗಡಿಯ ಬೆಲೆಯೊಂದರ ಮೇಲೆ ಸುಂಕ ಹಾಕುವುದಿಲ್ಲ. ಬೆಲೆಗೆ ಸಾಗಣೆಯ ವೆಚ್ಚವನ್ನೂ ವಿಮೆಯನ್ನೂ ಕೂಡಿಸಿ, ಆ ಮೊತ್ತದ ಮೇಲೆ ಹಾಕುತ್ತಾರೆ. ಸ್ವಂತ ಬಳಕೆಗಾಗಿ ಅಂಚೆಯಲ್ಲಿಯೋ ವಿಮಾನದಲ್ಲಿಯೋ ತರಿಸುವ ಸರಕಿನ ಮೇಲೆ ಮೂಲಸುಂಕ ನೂರಕ್ಕೆ ೩೫ ಇದ್ದಾಗಿನ ಲೆಕ್ಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಮೂಲಸುಂಕದ ಹತ್ತನೆಯ ಒಂದು ಪಾಲು ಸಮಾಜಕಲ್ಯಾಣದ ಮೇಲ್ತೆರಿಗೆ. ಎರಡೂ ಕೂಡಿ ೩೮.೫. ವಸ್ತುವಿನ ಮೌಲ್ಯ ಮತ್ತು ಈ ಸುಂಕ ಇವೆರಡೂ ಸೇರಿದ ಮೊತ್ತದ ಮೇಲೆ ಮತ್ತೆ ನೂರಕ್ಕೆ ೨೮ರಂತೆ ಜಿ.ಎಸ್.ಟಿ. ಎಲ್ಲವೂ ಸೇರಿ ನೂರು ರೂಪಾಯಿಯ ವಸ್ತುವಿಗೆ ೭೭ ರೂಪಾಯಿ ೨೮ ಪೈಸೆ. ₹೩೬,೫೦೦ರ ಯಂತ್ರಕ್ಕೆ ಸಾಗಣೆ ₹೫,೦೦೦ ಎಂದಿಟ್ಟುಕೊಂಡರೆ ಮೌಲ್ಯ ₹೪೧,೫೦೦. ಅದರ ಮೇಲೆ ಸುಂಕ ಮತ್ತು ತೆರಿಗೆ ₹೩೨,೦೦೦ವನ್ನು ಮೀರುತ್ತದೆ. ಮಂಡ್ಯದಲ್ಲಿ ₹೪೯,೯೯೦ಕ್ಕೆ ದೊರೆಯುವ ವಸ್ತುವಿಗೆ ₹೭೩,೫೦೦ಕ್ಕಿಂತ ಹೆಚ್ಚು ತೆತ್ತಂತಾಯಿತು.

ಈ ಮೂಲಸುಂಕವನ್ನು ಸರ್ಕಾರದವರು ಆಮೇಲೆ ಇಳಿಸಿದ್ದಾರೆಂಬುದು ನಿಜ. ಅದು ಸ್ವಾಗತಾರ್ಹವೂ ಹೌದು. ಆದರೆ ಮೇಲಿನ ಲೆಕ್ಕದಲ್ಲಿ ಸುಂಕ ತೆರಿಗೆಗಳ ಒಟ್ಟು ಭಾರ ಅರ್ಧಕ್ಕಿಳಿದರೂ ಯಂತ್ರದ ಬೆಲೆ ₹೫೭,೫೦೦ರಷ್ಟಾಗುತ್ತದೆ. ಆ ಭಾರ ನೂರಕ್ಕೆ ಇಪ್ಪತ್ತನ್ನು ದಾಟಿದೊಡನೆಯೇ ಉಳಿತಾಯವೆಂಬುದು ಮಾಯವಾಗುತ್ತದೆ. ದರಗಳು ವರ್ಷವರ್ಷವೂ ಬದಲಾಗುವುವಾದುದರಿಂದ ತರುಣರು ಅಂಕಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಲೆಕ್ಕದ ಕ್ರಮವನ್ನು ಕಲಿಯುವುದು ಮೇಲು: ಬೆಲೆ, ಸಾಗಣೆ, ಸುಂಕ, ಸುಂಕದ ಮೇಲಿನ ತೆರಿಗೆ, ಕೊನೆಯಲ್ಲಿ ನಾಣ್ಯ ಬದಲಾಯಿಸುವಾಗ ಬ್ಯಾಂಕಿನವರು ಹಿಡಿಯುವ ಕಾಸು. ಈ ಐದನ್ನೂ ಕೂಡಿಸದೆ ಯಾವ ಬೆಲೆಯನ್ನೂ ಅಗ್ಗವೆನ್ನತಕ್ಕದ್ದಲ್ಲ.

ಚೀಟಿಯಲ್ಲಿ ಕಾಣದ ವೆಚ್ಚಗಳು ಬೇರೆ ಇವೆ. ಯಂತ್ರ ಕೆಟ್ಟರೆ ಪರದೇಶದಲ್ಲಿ ಕೊಟ್ಟ ಖಾತರಿ ಇಲ್ಲಿ ಬಹುಮಟ್ಟಿಗೆ ನಡೆಯದು; ಹಿಂದಕ್ಕೆ ಕಳುಹಿಸಬೇಕಾದರೆ ಮತ್ತೊಂದು ಸಾಗಣೆಯ ವೆಚ್ಚ. ಅಮೆರಿಕದ ಮನೆಗಳ ವಿದ್ಯುತ್ತು ೧೨೦ ವೋಲ್ಟ್, ನಮ್ಮದು ೨೩೦. ಎರಡನ್ನೂ ತಾಳದ ಹಳೆಯ ಯಂತ್ರಗಳು ಒಂದೇ ಕ್ಷಣದಲ್ಲಿ ಸುಟ್ಟುಹೋಗಬಲ್ಲುವು. ಆಟದ ತಟ್ಟೆಯನ್ನು ಒಂದು ದೇಶದಲ್ಲಿ ಕೊಂಡು, ಆಮೇಲೆ ಸೇರಿಸಬೇಕಾದ ಭಾಗಗಳನ್ನು ಇನ್ನೊಂದು ದೇಶದ ಖಾತೆಯಿಂದ ಕೊಂಡರೆ ಒಂದಕ್ಕೊಂದು ಹೊಂದದೆ ಹೋಗುವ ಸಂಭವವುಂಟು. ಹೀಗೆ ನೋಡಿದರೆ ಇಲ್ಲಿ ಮಾರಾಟಕ್ಕಿರುವ ಯಂತ್ರವನ್ನು ಅಂಚೆಯಲ್ಲಿ ತರಿಸುವುದು ಬಹುಮಟ್ಟಿಗೆ ನಷ್ಟದ ವ್ಯಾಪಾರ. ಇಲ್ಲಿ ಮಾರಾಟವೇ ಇಲ್ಲದ ವಸ್ತುವಿನ ಮಾತು ಬೇರೆ. ಜಪಾನಿನ ನಿಂಟೆಂಡೊ ಸಂಸ್ಥೆ ೨೦೧೭ರಲ್ಲಿ ಹೊರತಂದ ಸ್ವಿಚ್ ಯಂತ್ರವನ್ನು ನಮ್ಮ ದೇಶದಲ್ಲಿ ವರ್ಷಗಟ್ಟಲೆ ತಾನಾಗಿ ಮಾರಲಿಲ್ಲ. ಅದನ್ನು ಬಯಸಿದವರಿಗೆ ಆಮದಲ್ಲದೆ ದಾರಿಯಿರಲಿಲ್ಲ. ಆಟಗಳ ವಿಷಯದಲ್ಲಂತೂ ತಟ್ಟೆಯ ಕಾಲವೇ ಹಿಂದೆ ಸರಿಯುತ್ತಿದೆ. ಸ್ಟೀಮ್ ಎಂಬ ಅಮೆರಿಕದ ಮಳಿಗೆ ೨೦೧೫ರಲ್ಲಿಯೇ ರೂಪಾಯಿಯಲ್ಲಿ ಬೆಲೆ ಹೇಳತೊಡಗಿತು. ಅಲ್ಲಿ ಹಲವು ಆಟಗಳು ಅಮೆರಿಕದವರಿಗಿಂತ ನಮ್ಮವರಿಗೆ ಕಡಮೆ ಬೆಲೆಗೆ ದೊರೆತಿವೆ.

ಕೆಲವರು ಸುಂಕವನ್ನು ತಪ್ಪಿಸಲು ಕಟ್ಟಿನ ಮೇಲೆ ‘ಉಡುಗೊರೆ’ ಎಂದು ಬರೆಯಿಸುವ ಉಪಾಯ ಹೇಳಿಕೊಡುತ್ತಿದ್ದರು. ಇದು ಸುಳ್ಳು, ಸುಳ್ಳಿನಿಂದ ಉಳಿದ ಹಣ ಉಳಿತಾಯವಲ್ಲ. ೨೦೧೯ನೆಯ ಡಿಸೆಂಬರಿನಲ್ಲಿ ಸರ್ಕಾರದವರು ಉಡುಗೊರೆಯ ಹೆಸರಿನ ಈ ವಿನಾಯಿತಿಯನ್ನು ಜೀವರಕ್ಷಕ ಔಷಧಗಳಿಗೂ ರಾಖಿಗೂ ಮಾತ್ರ ಉಳಿಸಿ ಮಿಕ್ಕುದನ್ನೆಲ್ಲ ತೆಗೆದುಹಾಕಿದರು. ಕೆಲವರು ಮಾಡಿದ ಮೋಸಕ್ಕಾಗಿ ಪರದೇಶದಲ್ಲಿರುವ ಅಣ್ಣ ತಂಗಿಗೆ ಪ್ರೀತಿಯಿಂದ ಕಳುಹಿಸುವ ಸಣ್ಣ ಕಟ್ಟಿಗೂ ಸುಂಕ ಬಿದ್ದಂತಾಯಿತು.

ಇನ್ನೊಂದು ದಾರಿ ಕಾನೂನಿಗೆ ಒಪ್ಪಿದ್ದೇ ಆದರೂ ಅದರಲ್ಲೊಂದು ಅನ್ಯಾಯ ಅಡಗಿದೆ. ಪರದೇಶದಿಂದ ಬರುವ ಪ್ರಯಾಣಿಕರು ತಮ್ಮ ಸಾಮಾನಿನೊಡನೆ ₹೫೦,೦೦೦ ಬೆಲೆಯವರೆಗಿನ ವಸ್ತುಗಳನ್ನು ಸುಂಕವಿಲ್ಲದೆ ತರಲು ೨೦೧೬ರ ನಿಯಮಗಳು ಅವಕಾಶ ಕೊಟ್ಟವು. ಅಂದರೆ ಅಮೆರಿಕದಲ್ಲಿ ಭಾವನೋ ಚಿಕ್ಕಪ್ಪನೋ ಇರುವ ಮನೆಯ ಹುಡುಗನಿಗೆ ಆ ಯಂತ್ರ ₹೩೬,೫೦೦ಕ್ಕೆ ಬಂತು. ನಾಗಮಂಗಲದ ಬೆದ್ದಲು ಹೊಲವನ್ನು ನಂಬಿದ ಮನೆಯ ಹುಡುಗನಿಗೆ ಅದೇ ಯಂತ್ರ ಐವತ್ತು ಸಾವಿರಕ್ಕೆ, ತಿಳಿಯದೆ ಅಂಚೆಯಲ್ಲಿ ತರಿಸಿದರೆ ಎಪ್ಪತ್ತು ಸಾವಿರಕ್ಕೆ. ಸಿರಿವಂತರಿಗೆ ಬಾಗಿಲು, ಬಡವರಿಗೆ ಗೋಡೆ! ದೇಶದ ಕೈಗಾರಿಕೆಯನ್ನು ಕಾಪಾಡುವುದೆಂದು ಹೇಳುವ ಸುಂಕ ಹೀಗೆ ಬಂಧುಬಳಗದ ಬಲವನ್ನು ನೋಡಿ ಬೀಳುವುದಾದರೆ, ಅದು ಯಾರನ್ನು ಕಾಪಾಡುತ್ತದೆ ಎಂದು ಕೇಳಲೇಬೇಕಾಗುತ್ತದೆ.

ಇಲ್ಲಿಂದ ದೇಶದ ಲೆಕ್ಕ ಆರಂಭವಾಗುತ್ತದೆ. ಸುಂಕವೆಂಬುದು ಹೊಲಕ್ಕೆ ಹಾಕುವ ಬೇಲಿಯಂತೆ. ಬೇಲಿಯನ್ನು ನಾವು ದ್ವೇಷಿಸುವವರಲ್ಲ; ಬೇಲಿಯಿಲ್ಲದ ಹೊಲ ದನಕರುಗಳ ಪಾಲಾಗುವುದೆಂದು ನಮ್ಮ ಜಿಲ್ಲೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಲಿಯಿಂದ ಎಂಥ ಫಲ ದೊರೆಯಬಲ್ಲುದೆಂಬುದಕ್ಕೆ ಈ ಸೀಮೆಯೇ ಸಾಕ್ಷಿ. ೧೯೨೦ರ ದಶಕದಲ್ಲಿ ನಮ್ಮ ದೇಶ ಜಾವಾದ್ವೀಪದ ಸಕ್ಕರೆಯನ್ನು ರಾಶಿರಾಶಿಯಾಗಿ ಕೊಳ್ಳುತ್ತಿತ್ತು. ಅದು ಅಗ್ಗವಾಗಿತ್ತು, ಅಗ್ಗವೆಂಬ ಕಾರಣಕ್ಕೆ ಅದನ್ನೇ ಕೊಳ್ಳುತ್ತ ಹೋಗಿದ್ದರೆ ಇಂದಿಗೂ ಕೊಳ್ಳುತ್ತಲೇ ಇರುತ್ತಿದ್ದೆವು. ೧೯೩೨ರಲ್ಲಿ ಸಕ್ಕರೆ ಕೈಗಾರಿಕೆಯ ಸಂರಕ್ಷಣೆಗಾಗಿ ಕಾನೂನು ಬಂದು ಪರದೇಶದ ಸಕ್ಕರೆಯ ಮೇಲೆ ಭಾರಿ ಸುಂಕ ಬಿತ್ತು. ಆಗ ದೇಶದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಕಾರ್ಖಾನೆಗಳು ಐದು ವರ್ಷಗಳೊಳಗೆ ನೂರನ್ನು ಮೀರಿದುವು. ಜಾವಾದ ಸಕ್ಕರೆ ಕಣ್ಮರೆಯಾಗುತ್ತ ಬಂತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು ೧೯೩೩ರಲ್ಲಿ.

ಆದರೆ ಮಂಡ್ಯದ ಸಕ್ಕರೆಯನ್ನು ಕಾನೂನಿನ ಕಾಗದವೊಂದೇ ಬೆಳೆಯಲಿಲ್ಲ. ಅದಕ್ಕೆ ಇಪ್ಪತ್ತು ವರ್ಷಗಳ ಹಿಂದೆಯೇ, ೧೯೧೧ರಲ್ಲಿ, ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿತ್ತು. ಆಗ ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಗಾಗಿ ಹುಲಿಕೆರೆಯ ಬಳಿ ಬೆಟ್ಟವನ್ನು ಕೊರೆದು ಸುರಂಗ ಮಾಡಿದ್ದರು. ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ನರಂಥವರು ತಳಿಯನ್ನೂ ಮಣ್ಣನ್ನೂ ಪರೀಕ್ಷಿಸಿದ್ದರು. ನೀರು, ಬೀಜ, ವಿದ್ಯೆ, ಯಂತ್ರ, ಬಂಡವಾಳ ಎಲ್ಲವೂ ಸಿದ್ಧವಾಗಿದ್ದ ಹೊಲದ ಸುತ್ತ ಬೇಲಿ ಬಂದುದರಿಂದ ಬೆಳೆ ಬಂತು. ಸಕ್ಕರೆ ಕಾರ್ಖಾನೆಗಳಿಗೆ ಈಚೆಗೆ ಒದಗಿದ ಕಷ್ಟನಷ್ಟಗಳು ಬೇರೊಂದು ದಿನದ ವಿಚಾರ. ಬೇಲಿ ಬೆಳೆಗಾಗಿ, ಬೆಳೆ ಬೇಲಿಗಾಗಿ ಅಲ್ಲವೆಂಬ ಪಾಠ ಮಾತ್ರ ಇಲ್ಲಿ ಮುಖ್ಯ.

ಈಗ ಆಟದ ಯಂತ್ರಗಳಿಗೆ ಬರೋಣ. ೨೦೧೮ರ ಆಯವ್ಯಯದಲ್ಲಿ ಸರ್ಕಾರದವರು ವಿಡಿಯೋ ಗೇಮ್ ಯಂತ್ರಗಳ ಮೇಲಿನ ಮೂಲಸುಂಕವನ್ನು ನೂರಕ್ಕೆ ೧೦ರಿಂದ ೨೦ಕ್ಕೆ ಏರಿಸಿದರು. ಆಗ ನಮ್ಮ ದೇಶದಲ್ಲಿ ಹೆಸರಿಸತಕ್ಕ ಮಟ್ಟದಲ್ಲಿ ಇಂಥ ಯಂತ್ರಗಳು ತಯಾರಾಗುತ್ತಿರಲಿಲ್ಲ. ಬೇಲಿ ಎದ್ದಿತು, ಒಳಗಿದ್ದದ್ದು ಬೀಳುಭೂಮಿ. ಇದರೊಡನೆ ಮಕ್ಕಳ ಆಟಿಕೆಗಳನ್ನು ಹೋಲಿಸಿ ನೋಡಿ. ಆಟಿಕೆಗಳ ಮೂಲಸುಂಕ ೨೦೨೦ರಲ್ಲಿ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿತು. ೨೦೨೧ನೆಯ ಜನವರಿ ೧ರಿಂದ ಗುಣಮಟ್ಟದ ಮುದ್ರೆಯಿಲ್ಲದ ಆಟಿಕೆಗಳನ್ನು ಮಾರಕೂಡದೆಂದು ಆಜ್ಞೆಯಾಯಿತು. ಈ ಬೇಲಿಯೊಳಗೆ ಬೆಳೆಯಿತ್ತು. ಮಂಡ್ಯದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿಯೇ ಇರುವ ಚನ್ನಪಟ್ಟಣದಲ್ಲಿ ಅರಗು ಬಳಿದ ಮರದ ಬೊಂಬೆಗಳನ್ನು ತಲೆತಲಾಂತರದಿಂದ ಮಾಡುವ ಕುಶಲಿಗಳಿದ್ದರು. ಅವರಿಗೆ ರಕ್ಷಣೆ ಕೊಡುವುದಕ್ಕೆ ಅರ್ಥವುಂಟು. ಯಾರೂ ಮಾಡದ ಯಂತ್ರಕ್ಕೆ ಕೊಟ್ಟ ರಕ್ಷಣೆಗೆ ಏನರ್ಥ? ಅದು ಕೈಗಾರಿಕೆಯ ರಕ್ಷಣೆಯಲ್ಲ; ತರುಣನ ಉಳಿತಾಯದ ಮೇಲಿನ ಕರ.

ಹೊರಗಿನ ಅಗ್ಗಕ್ಕೆ ತಡೆಹಾಕುವವರು ನಾವೊಬ್ಬರೇ ಅಲ್ಲವೆಂಬುದನ್ನೂ ಹೇಳಬೇಕು. ಇಂಗ್ಲೆಂಡಿಗೆ ಸಮೀಪದ ಜರ್ಸಿ, ಗರ್ನ್‌ಸಿ ದ್ವೀಪಗಳಿಂದ ಅಗ್ಗದ ಆಟದ ತಟ್ಟೆಗಳೂ ಸಂಗೀತದ ತಟ್ಟೆಗಳೂ ತೆರಿಗೆಯಿಲ್ಲದೆ ಬಂದು ಅಲ್ಲಿಯ ಅಂಗಡಿಕಾರರು ಗೋಳಿಟ್ಟುದರಿಂದ, ೨೦೧೨ನೆಯ ಏಪ್ರಿಲಿನಲ್ಲಿ ಬ್ರಿಟಿಷ್ ಸರ್ಕಾರ ಆ ವಿನಾಯಿತಿಯನ್ನು ಕಿತ್ತುಹಾಕಿತು. ಯೂರೋಪಿನ ಒಕ್ಕೂಟ ೨೨ ಯೂರೋವರೆಗಿನ ಕಟ್ಟುಗಳಿಗಿದ್ದ ತೆರಿಗೆಯ ವಿನಾಯಿತಿಯನ್ನು ೨೦೨೧ನೆಯ ಜುಲೈಯಲ್ಲಿ ರದ್ದುಮಾಡಿತು. ೨೦೧೬ರಿಂದ ೮೦೦ ಡಾಲರುಗಳವರೆಗಿನ ಕಟ್ಟುಗಳನ್ನು ಸುಂಕವಿಲ್ಲದೆ ಒಳಗೆ ಬಿಡುತ್ತಿದ್ದ ಅಮೆರಿಕವೂ ೨೦೨೫ನೆಯ ಆಗಸ್ಟ್ ೨೯ರಿಂದ ಆ ಬಾಗಿಲನ್ನು ಮುಚ್ಚಿತು. ಮುಕ್ತ ವ್ಯಾಪಾರವನ್ನು ನಮಗೆ ಬೋಧಿಸಿದವರೇ ತಮ್ಮ ಮನೆಯ ಅಂಗಡಿಗೆ ಪೆಟ್ಟುಬಿದ್ದಾಗ ಬಾಗಿಲು ಹಾಕಿಕೊಂಡರು. ಆದರೆ ಅವರ ಬೇಲಿಯೊಳಗೆ ಆಟಗಳನ್ನು ರಚಿಸಿ ಲೋಕಕ್ಕೆಲ್ಲ ಮಾರುವ ದೊಡ್ಡ ಸಂಸ್ಥೆಗಳಿವೆ.

ಹಾಗಾದರೆ ನಮ್ಮ ನೆಲ ಬಂಜರೇ? ಖಂಡಿತವಾಗಿಯೂ ಅಲ್ಲ. ನಮ್ಮ ದುಃಖದ ಮೂಲವೂ ಇದೇ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ೧೯೯೭ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಕಟ್ಟಿದರು; ವಿಡಿಯೋ ಗೇಮ್ ಕೆಲಸಕ್ಕೆ ದೇಶದಲ್ಲಿ ಮೊದಲು ಕೈಹಾಕಿದವರಲ್ಲಿ ಅವರೊಬ್ಬರು. ಪರದೇಶ ಮಾರುವ ಪ್ರಸಿದ್ಧ ಆಟಗಳ ಚಿತ್ರಗಳನ್ನೂ ವಾಹನಗಳನ್ನೂ ಅಲ್ಲಿಯ ಕಲಾವಿದರು ರೂಪಿಸಿದರು. ೨೦೧೬ರಲ್ಲಿ ಆ ಸಂಸ್ಥೆಯನ್ನು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು. ೨೦೧೯ರಲ್ಲಿ ಅದು ರಾಕ್‌ಸ್ಟಾರ್ ಎಂಬ ಅಮೆರಿಕದ ಸಂಸ್ಥೆಯ ಕೈಸೇರಿತು. ಆ ಸಂಸ್ಥೆಯ ಆಟಗಳನ್ನು ನಮ್ಮ ತಾಲ್ಲೂಕುಗಳ ತರುಣರೂ ಬಲ್ಲರು. ವಾಚಕರು ಇದನ್ನು ಸ್ವಲ್ಪ ಯೋಚಿಸಲಿ. ಕನ್ನಡ ನಾಡಿನಲ್ಲಿ ಕುಳಿತ ಕೈಗಳು ಆಟದ ಅಂಗಾಂಗಗಳನ್ನು ಮಾಡಿ ಕೂಲಿ ಪಡೆಯುತ್ತವೆ. ಸಿದ್ಧವಾದ ಆಟ ಪರದೇಶದ ಹೆಸರಿನಲ್ಲಿ ಮರಳಿ ಬರುತ್ತದೆ. ಅದನ್ನು ಕನ್ನಡ ನಾಡಿನ ಹುಡುಗ ಬೆಲೆಕೊಟ್ಟು ಕೊಳ್ಳುತ್ತಾನೆ. ಹಿಂದಿನ ಕಾಲದಲ್ಲಿ ನಮ್ಮ ಹತ್ತಿ ಮ್ಯಾಂಚೆಸ್ಟರಿಗೆ ಹೋಗಿ ಬಟ್ಟೆಯಾಗಿ ಮರಳಿದ ಕಥೆಯನ್ನು ನಮ್ಮ ಹಿರಿಯರು ಎಷ್ಟು ವೇದಿಕೆಗಳಲ್ಲಿ ಹೇಳಲಿಲ್ಲ! ಕೂಲಿ ನಮ್ಮದು, ಒಡೆತನ ಅವರದು ಎಂಬ ಮಾತಿನಲ್ಲಿ ಅಂದಿಗೂ ಇಂದಿಗೂ ವ್ಯತ್ಯಾಸವಿಲ್ಲ. ತಟ್ಟೆಯನ್ನು ಸುಂಕದ ಕಟ್ಟೆಯಲ್ಲಿ ತಡೆಯಬಹುದು. ತಂತಿಯ ಮೂಲಕ ಇಳಿಯುವ ಆಟಕ್ಕೆ ಸುಂಕದ ಕಟ್ಟೆಯೇ ಇಲ್ಲದ ಏರ್ಪಾಡನ್ನು ಲೋಕವ್ಯಾಪಾರದ ರಾಷ್ಟ್ರಗಳು ೧೯೯೮ರಲ್ಲಿಯೇ ಮಾಡಿಕೊಂಡು ಹಲವು ಬಾರಿ ಮುಂದುವರಿಸಿದುವು. ಆದಕಾರಣ ಬೇಲಿಯೊಂದನ್ನೇ ನಂಬಿದವರು ಈ ವ್ಯಾಪಾರದಲ್ಲಿ ಗೆಲ್ಲಲಾರರು.

ಶ್ರೀರಂಗಪಟ್ಟಣದ ಚರಿತ್ರೆಯೂ ಇದನ್ನೇ ಹೇಳುತ್ತದೆ. ೧೭೮೮ರಲ್ಲಿ ಟಿಪ್ಪುಸುಲ್ತಾನನ ರಾಯಭಾರಿಗಳು ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಯ ಆಸ್ಥಾನಕ್ಕೆ ಹೋದಾಗ ಸೈನ್ಯಸಹಾಯವನ್ನಷ್ಟೇ ಕೇಳಲಿಲ್ಲ. ಕುಶಲ ಕೆಲಸಗಾರರನ್ನು ಕಳುಹಿಸಬೇಕೆಂದೂ ಕೇಳಿದರು. ಸೈನ್ಯ ಬರಲಿಲ್ಲ, ಕೆಲವು ಕುಶಲಿಗಳು ಬಂದರು. ಗಡಿಯಾರವನ್ನು ಕೊಳ್ಳುವುದಕ್ಕಿಂತ ಗಡಿಯಾರ ಮಾಡುವವನನ್ನು ಕರೆತರುವುದು ಮೇಲೆಂಬ ವಿವೇಕ ಆ ಕಾಲಕ್ಕೇ ಇಲ್ಲಿತ್ತು. ಆಟದ ಯಂತ್ರವೂ ಈ ಊರಿಗೆ ಹೊಸದಲ್ಲ. ಹಿಡಿ ತಿರುಗಿಸಿದರೆ ಗರ್ಜಿಸುವ ಹುಲಿಯೂ ಅದರಡಿಯಲ್ಲಿ ನರಳುವ ಸಿಪಾಯಿಯೂ ಉಳ್ಳ ಮರದ ಯಂತ್ರವೊಂದು ಇಲ್ಲಿಯ ಅರಮನೆಯಲ್ಲಿತ್ತು. ೧೭೯೯ರಲ್ಲಿ ಕೋಟೆ ಬಿದ್ದ ಮೇಲೆ ಕಂಪನಿಯವರು ಅದನ್ನು ಲಂಡನ್ನಿಗೆ ಸಾಗಿಸಿದರು. ಇಂದು ಅದು ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆ ಬಳಿಕ ಮೈಸೂರಿನ ಸಿಂಹಾಸನವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯೆಂಬ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬುದನ್ನು ಆಟಗಳಿಗಾಗಿಯೇ ಮೀಸಲಿಟ್ಟರು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮೆಟ್ಟಿಬರುವ ಕಠಿನವಾದ ಲೆಕ್ಕವನ್ನು ಸ್ವತಃ ಬಿಡಿಸಿದರು. ಅಳಗುಳಿ ಮಣೆ, ಚೌಕಾಬಾರ, ಪಗಡೆ, ಹುಲಿ-ಕುರಿಯಾಟಗಳನ್ನು ನಮ್ಮ ಅಜ್ಜಿಯರು ಯಾವ ದೇಶದಿಂದಲೂ ತರಿಸಲಿಲ್ಲ. ಆಟವನ್ನು ಕಲ್ಪಿಸುವ ಬುದ್ಧಿ ಈ ಮಣ್ಣಿಗೆ ಸಹಜವಾದುದೆಂಬುದರಲ್ಲಿ ಸಂದೇಹವಿಲ್ಲ.

ಆದುದರಿಂದ ಮಾಡತಕ್ಕುದೇನು? ಮೊದಲನೆಯದಾಗಿ, ಪರದೇಶದಿಂದ ಕಟ್ಟು ತರಿಸುವವನು ಎಷ್ಟು ಸುಂಕ ಕೊಡಬೇಕಾಗುವುದೆಂಬುದನ್ನು ಸರ್ಕಾರದವರು ಕನ್ನಡದಲ್ಲಿ, ಉದಾಹರಣೆಯ ಲೆಕ್ಕದೊಡನೆ, ಪ್ರತಿಯೊಂದು ತಾಲ್ಲೂಕಿನ ಅಂಚೆ ಕಚೇರಿಯಲ್ಲಿಯೂ ಪ್ರಕಟಿಸಬೇಕು. ರೈತನ ಮಗ ಕಟ್ಟು ಬಂದ ಮೇಲೆ ಕಾನೂನನ್ನು ತಿಳಿಯುವಂತಾಗಕೂಡದು. ಎರಡನೆಯದಾಗಿ, ದೇಶದಲ್ಲಿ ತಯಾರಾಗದ ಆಟದ ಯಂತ್ರದ ಮೇಲಿನ ಸುಂಕವನ್ನು ಅದು ತಯಾರಾಗುವವರೆಗೆ ತಗ್ಗಿಸಬೇಕು. ತಯಾರಿಸುವವರು ಮುಂದೆ ಬಂದಾಗ ಬೇಲಿ ಹಾಕಲಿ, ನಾವೇ ಗೂಟ ಹಿಡಿಯುತ್ತೇವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅನಿಮೇಷನ್, ಗೇಮಿಂಗ್ ಮೊದಲಾದ ಕಸಬುಗಳಿಗಾಗಿ ಕರ್ನಾಟಕ ಸರ್ಕಾರ ೨೦೧೨ರಲ್ಲಿಯೇ ನೀತಿಯೊಂದನ್ನು ರೂಪಿಸಿತು. ಈಗ ೨೦೨೪ರಿಂದ ೨೦೨೯ರವರೆಗಿನ ಹೊಸ ನೀತಿಯಿದೆ. ಸಂತೋಷ. ಆದರೆ ನೀತಿಯ ನೀರು ಬೆಂಗಳೂರಿನ ಕೆರೆಯಲ್ಲಿಯೇ ನಿಂತರೆ ಕೆಳಗಿನ ಗದ್ದೆಗಳಿಗೆ ಏನು ಪ್ರಯೋಜನ? ಮಂಡ್ಯದಲ್ಲಿ ೧೯೬೨ರಿಂದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿದೆ; ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾನಿಲಯವಿದೆ. ಇಂಥ ಕಡೆಗಳಲ್ಲಿ ಆಟ ರಚಿಸುವ ವಿದ್ಯೆಯನ್ನು ಕಲಿಸಲಿ. ಕನ್ನಡದಲ್ಲಿ ಮಾತನಾಡುವ, ಕನ್ನಡದ ಊರು ಕೆರೆ ಕೋಟೆಗಳನ್ನು ತೋರುವ ಆಟಗಳಿಗೆ ಬಹುಮಾನವನ್ನೂ ಬಂಡವಾಳವನ್ನೂ ಕೊಡಲಿ. ಚಿತ್ರ ಬರೆಯುವವರು, ಕಥೆ ಹೆಣೆಯುವವರು, ಲೆಕ್ಕ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇದಕ್ಕೆ ಬೇಕಾದುದು ಬೆಳೆಯ ಒಡೆತನ ತಮ್ಮದೇ ಆಗಬೇಕೆಂಬ ಹಟ. ಮೇಲುಕೋಟೆಯಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಜನಪದ ಸೇವಾ ಟ್ರಸ್ಟ್ ಗಿರಣಿ ಬಟ್ಟೆಯನ್ನು ಬೈಯುತ್ತ ಕುಳಿತುಕೊಳ್ಳಲಿಲ್ಲ. ಮಗ್ಗ ಹೂಡಿ ಖಾದಿಯನ್ನು ನೇಯಿಸಿತು. ಸ್ವದೇಶಿಯೆಂದರೆ ಅದು.

ತರುಣರಿಗೂ ಒಂದು ಮಾತು. ಉಳಿತಾಯವನ್ನು ನಾವು ಮೆಚ್ಚುತ್ತೇವೆ. ಆದರೆ ಉಳಿತಾಯಕ್ಕೆ ಸಮುದ್ರದಾಚೆಯ ಅಂಗಡಿಯೇ ಬೇಕಾಗಿಲ್ಲ. ಸಹಕಾರದಿಂದ ಹಾಲು ಮಾರಿದ ಜಿಲ್ಲೆ ನಮ್ಮದು. ನಾಲ್ವರು ಗೆಳೆಯರು ಸೇರಿ ನಾಲ್ಕು ಬೇರೆಬೇರೆ ಆಟದ ತಟ್ಟೆಗಳನ್ನು ಇಲ್ಲಿಯೇ ಕೊಂಡು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡರೆ ಪ್ರತಿಯೊಬ್ಬನ ವೆಚ್ಚವೂ ಕಾಲು ಪಾಲಿಗಿಳಿಯುತ್ತದೆ. ಆಡಿ ಮುಗಿದ ಮೇಲೆ ಮರುಮಾರಾಟ ಮಾಡಿದರೆ ಇನ್ನಷ್ಟು ಹಣ ಮರಳುತ್ತದೆ. ಯಾವ ಸುಂಕದ ಚೀಟಿಯೂ ಇಲ್ಲದ ಇಂಥ ಉಳಿತಾಯವನ್ನು ಯಾವ ಪರದೇಶದ ಅಂಗಡಿಯೂ ಕೊಡಲಾರದು.

ಪಾಂಡವಪುರದ ಆ ಮಹನೀಯರಿಗೆ ನಮ್ಮ ಉತ್ತರ ಇಷ್ಟು: ಮಗನನ್ನು ಬೈಯಬೇಡಿ. ಲೆಕ್ಕದ ಉಳಿದರ್ಧವನ್ನು ಕಲಿಸಿ. ಆಮೇಲೆ, ತಾನು ತರಿಸಿದ ಆಟದ ಒಳಗೆ ಯಾರ ಕೈಕೆಲಸವಿದೆ, ಅದರ ಲಾಭ ಯಾರ ಮನೆ ಸೇರುತ್ತದೆ ಎಂದು ಅವನನ್ನೇ ಕೇಳಿ. ಆ ಪ್ರಶ್ನೆ ಮನಸ್ಸಿಗೆ ನಾಟಿದ ಹುಡುಗ ನಾಳೆ ಆಟವನ್ನು ತರಿಸುವವನಾಗಿ ಉಳಿಯದೆ ಕಳುಹಿಸುವವನಾಗಬಹುದು. ಬೇಲಿಯನ್ನು ಸರ್ಕಾರದವರು ಎಂದು ಬೇಕಾದರೂ ಹಾಕಬಲ್ಲರು, ಎಂದು ಬೇಕಾದರೂ ಕೀಳಬಲ್ಲರು. ಬೆಳೆಯನ್ನು ಬೆಳೆಯಬೇಕಾದವರು ಮಾತ್ರ ನಾವೇ.